ಕೌದಿಯ ಮುಂದೆ ಆಡಿದ ಮಾತು

ಹೂಲಿ
2 ಆಗಸ್ಟ್ 2007

ಮಾನ್ಯರೇ,

ನಾನು ಹೂಲಿಯ ಒಂದು ಚಿಕ್ಕ ಶಾಲೆಯ ಶಿಕ್ಷಕಿ. ಈ ವರ್ಷದಿಂದ ಒಂದನೇ ಇಯತ್ತೆಗೂ ಇಂಗ್ಲಿಷ್ ಬಂದಿದೆಯಲ್ಲ, ಅದಕ್ಕೆಂದು ಯಾರೋ ಪುಣ್ಯಾತ್ಮರು ನಮಗೊಂದು ಹಳೆಯ ಕಂಪ್ಯೂಟರ್ ಕೊಟ್ಟರು. ಅದರ ಜೊತೆಗೆ ನಿಮ್ಮ ಕಂಪನಿಯ ಸಿಡಿ ಬಂತು. ಕಂಪ್ಯೂಟರ್ ಈಗ ನನ್ನ ಹಳೆಯ ಓಢಣಿಯ ಮುಸುಕು ಹೊದ್ದು ಕೋಣೆಯ ಮೂಲೆಯಲ್ಲಿ ಕೂತಿದೆ. ಕರೆಂಟು ಬಂದಾಗ ಮುಸುಕು ತೆಗೆಯುತ್ತೇವೆ.

ಸಿಡಿ ಚೆನ್ನಾಗಿದೆ. ನೀಲಿ ಪರದೆಯ ಮೇಲೆ ಒಂದು ಮಾತು ಬೆಳ್ಳಗೆ ಮೂಡುತ್ತದೆ. ಒಬ್ಬ ಹೆಣ್ಣುಮಗಳು ಅದನ್ನು ಓದಿ ಹೇಳುತ್ತಾಳೆ. ಆಮೇಲೆ ಮಕ್ಕಳು ಹೇಳಲಿ ಅಂತ ಸುಮ್ಮನಿರುತ್ತಾಳೆ. ಅಷ್ಟರಲ್ಲಿ ಮಾತು ಕರಗಿ ಇನ್ನೊಂದು ಬರುತ್ತದೆ. ದಿ, ಆಫ್, ವಾಸ್, ವೇರ್, ಕಮ್. ಮಕ್ಕಳು ಆಕೆಗೆ 'ಒಳಗಿನ ಅಕ್ಕೋರು' ಅಂತ ಹೆಸರಿಟ್ಟಿದ್ದಾರೆ. ಆಕೆ 'ಕಮ್' ಅಂದರೆ ಇವರು 'ಕಮ್ ರೀ' ಅನ್ನುತ್ತಾರೆ. ಅಕ್ಕೋರಿಗೆ ಬರೀ ಕಮ್ ಅನ್ನಬಾರದು ಅಂತ ಅವರ ತಿಳುವಳಿಕೆ. ನಾನು ತಿದ್ದಲು ಹೋಗಿಲ್ಲ.

ನನ್ನ ತಕರಾರು ಒಂದಿದೆ. ನೀವು ಒಂದು ಮಾತಿಗೂ ಚಿತ್ರ ಕೊಟ್ಟಿಲ್ಲ. ಆನೆ ಎಂದರೆ ಆನೆಯನ್ನು ತೋರಿಸಬಹುದು. 'ಆಫ್' ಎಂದರೆ ಏನನ್ನು ತೋರಿಸಲಿ? ಬಾಯವ್ವ ಅನ್ನುವ ಆರು ವರ್ಷದ ಹುಡುಗಿ, "ಅಕ್ಕೋರ, ಇದು ಎಲ್ಲಿ ಇರತೈತ್ರಿ?" ಅಂತ ಕೇಳಿದಳು. ದಯವಿಟ್ಟು ಪರಿಹಾರ ತಿಳಿಸಿ.

ಇನ್ನೊಂದು ವಿಷಯ. ಈ ಹೆಣ್ಣುಮಗಳು ಪುಸ್ತಕ ಓದಿದಂತೆ ಓದಿಲ್ಲ. ಎದುರಿಗೆ ಯಾರನ್ನೋ ಕೂರಿಸಿಕೊಂಡು ಅವರೊಬ್ಬರಿಗೇ ಹೇಳಿದಂತಿದೆ. 'ವೇರ್' ಅನ್ನುವ ಮೊದಲು ಸಣ್ಣಗೆ ಉಸಿರು ಒಳಗೆಳೆದುಕೊಳ್ಳುತ್ತಾಳೆ. ಹಾಗೆ ಉಸಿರೆಳೆದುಕೊಂಡು ಮಾತು ಶುರು ಮಾಡುವವಳು ನನಗೆ ಗೊತ್ತಿದ್ದಂತೆ ಒಬ್ಬಳೇ. ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂತವಳು. ಹತ್ತು ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಆದಕಾರಣ ಆ ಧ್ವನಿ ಯಾರದೆಂದು ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ತಬಸ್ಸುಮ್, ಸಹಶಿಕ್ಷಕಿ


ಬೆಳಗಾವಿ
25 ಆಗಸ್ಟ್ 2007

ಮಾನ್ಯ ಶಿಕ್ಷಕಿಯವರಿಗೆ,

ತಮ್ಮ ಪತ್ರ ತಲುಪಿತು. ಈ ಮಾತುಗಳಿಗೆ ಚಿತ್ರ ಇರುವುದಿಲ್ಲ. ಅಕ್ಷರ ಕೂಡಿಸಿ ಓದಿದರೂ ಬಹಳಷ್ಟು ಮಾತು ಸರಿಯಾಗಿ ಬಾಯಿಗೆ ಬರುವುದಿಲ್ಲ. ದಿನವೂ ನೋಡಿ ನೋಡಿ ಮುಖ ಪರಿಚಯ ಮಾಡಿಕೊಳ್ಳಬೇಕು, ಅದೇ ಈ ಸಿಡಿಯ ಉದ್ದೇಶ. ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ದಿನಾ ಕಾಣುವ ಜನರಿಗೆಲ್ಲ ನಾವು ಅರ್ಥ ಕೇಳುತ್ತೇವೆಯೇ? ಶೇಂಗಾ ಮಾರುವ ಲಗಮಣ್ಣ ಒಂದು ದಿನ ಕಾಣದಿದ್ದರೆ ಮಾತ್ರ ಎಲ್ಲಿ ಹೋದನಪ್ಪಾ ಅನ್ನಿಸುತ್ತಿತ್ತು. ಈ ಮಾತುಗಳೂ ಹಾಗೆಯೇ. ಎರಡು ಹೆಸರುಗಳ ನಡುವೆ ಸುಮ್ಮನೆ ನಿಂತಿರುತ್ತವೆ, ತೆಗೆದರೆ ವಾಕ್ಯ ಕುಸಿಯುತ್ತದೆ. ಬಾಯವ್ವನಿಗೆ ಹೀಗೆಯೇ ಹೇಳಬಹುದು.

ಧ್ವನಿ ಕೊಟ್ಟವರ ಹೆಸರು ತಿಳಿಸುವ ಪದ್ಧತಿ ನಮ್ಮಲ್ಲಿಲ್ಲ. ಆಕೆ ಕುಶಲವಾಗಿದ್ದಾಳೆ. 'ಕಮ್ ರೀ' ಅನ್ನುವುದನ್ನು ಓದಿ ಆಕೆ ಬಹಳ ಹೊತ್ತು ನಕ್ಕಳು ಎಂದಷ್ಟೇ ತಿಳಿಸಲು ಅಡ್ಡಿಯಿಲ್ಲ.

ಕಂಪನಿಯ ಪರವಾಗಿ,
ಸು. ಭಾ.


ಹೂಲಿ
18 ಸೆಪ್ಟೆಂಬರ್ 2007

ಸು. ಭಾ. ಅವರಿಗೆ,

ಸುಚೇತಾ ಭಾರ್ಗವ ಅಂತ ಪೂರ್ತಿ ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಟಿಸಿಎಚ್ ತರಬೇತಿ ಮುಗಿಯುವವರೆಗೂ ನಿನ್ನ ಟಿಪ್ಪಣಿಗಳನ್ನೇ ನಕಲು ಮಾಡಿ ಪಾಸಾದವಳು ನಾನು. ಬಾಲ ಎತ್ತಿಕೊಂಡು ಓಡುವ ನಿನ್ನ ಅಕ್ಷರ ಲಕೋಟೆಯ ಮೇಲೇ ಸಿಕ್ಕಿಬಿತ್ತು. ಲಗಮಣ್ಣನ ಹೆಸರು ಬರೆದ ಮೇಲಂತೂ ಮುಚ್ಚಿಡುವುದಕ್ಕೆ ಏನು ಉಳಿಯಿತು ಹೇಳು.

ಆಕೆ ಕುಶಲ ಅಂತ ಬರೆದಿದ್ದೀಯ, ಸಂತೋಷ. ಇಲ್ಲಿಯವಳೂ ಕುಶಲ. ಇಲ್ಲಿಯವಳ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಯಾಕೆಂದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಬಾಯಲ್ಲೇ ಇಟ್ಟುಕೊಂಡು ಸಾಕಾಗಿದೆ. ನಾವಿಬ್ಬರೂ ಸೇರಿ ತೆರೆಯಬೇಕೆಂದಿದ್ದ ಬಾಲವಾಡಿಗಾಗಿ ಅಬ್ಬಾ ತಮ್ಮ ಮೆಟಾಡೋರ್ ನಿಲ್ಲಿಸುವ ಶೆಡ್ಡು ಬಿಟ್ಟುಕೊಟ್ಟರು. ಗಾಡಿ ಬಿಸಿಲಲ್ಲಿ ನಿಂತಿತು. ನಾವಿಬ್ಬರೂ ಸುಣ್ಣ ಬಳಿದೆವು, ಗೋಡೆಗೆ ಅಕ್ಷರ ಬರೆದೆವು. ಕಿಟಕಿಗೆ ಹಳದಿ ಬಟ್ಟೆ ತಂದವಳು ನೀನು, ಸೊಟ್ಟ ಸೊಟ್ಟ ಹೊಲಿಗೆ ಹಾಕಿ ಪರದೆ ಮಾಡಿದವಳು ನಾನು. "ನಾಳೆ ಬಂದು ಕಟ್ಟತೇನಿ, ನೀ ಒಬ್ಬಾಕೀನ ಕಟ್ಟಬ್ಯಾಡ" ಅಂದು ಹೋದೆ. ಬರಲಿಲ್ಲ. ವಾರದೊಳಗೆ ನಿಮ್ಮಪ್ಪ, ರಘೋತ್ತಮ ಕಾಕಾ, ನಿನ್ನ ಮದುವೆಯ ಕಾರ್ಡು ತಂದು ನಮ್ಮ ಹೊಸ್ತಿಲಲ್ಲಿ ನಿಂತರು. ನಿನ್ನ ಮದುವೆಯ ಸುದ್ದಿಯನ್ನು ನಾನು ಅರಿಶಿನ ಹಚ್ಚಿದ ಕಾರ್ಡಿನಲ್ಲಿ ಓದಬೇಕಾಗಿತ್ತೇ? ಮದುವೆಯಾದದ್ದಕ್ಕೆ ಸಿಟ್ಟಿಲ್ಲ ನನಗೆ. ಹೇಳದೆ ಹೋದದ್ದಕ್ಕೆ ಸಿಟ್ಟು.

ಇರಲಿ. ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲೆ ನಿನ್ನ ದನಿ ಹಚ್ಚುತ್ತೇನೆ. ಹೊಟ್ಟೆ ತುಂಬಿದ ಮಕ್ಕಳು ಅರ್ಧ ನಿದ್ದೆಯಲ್ಲಿರುತ್ತಾರೆ. ಬೇವಿನ ನೆರಳು ಗೋಡೆಯ ಮೇಲೆ ಅಲ್ಲಾಡುತ್ತಿರುತ್ತದೆ. ನೀನು ಒಂದೊಂದೇ ಮಾತು ಹೇಳಿ ಸುಮ್ಮನಾಗುತ್ತೀಯ, ಆ ಸುಮ್ಮನಿರುವ ಹೊತ್ತಿನಲ್ಲಿ ನಿನ್ನ ಬಳೆಯ ಸದ್ದು ಸಣ್ಣಗೆ ಕೇಳುತ್ತದೆ. ಎಷ್ಟೋ ಸಲ ಮಕ್ಕಳ ಜೊತೆ ನಾನೂ ಉತ್ತರ ಕೊಟ್ಟುಬಿಡುತ್ತೇನೆ. ಶಾಲೆ ಬಿಟ್ಟ ಮೇಲೆ ಅವರು ಹಳೆಯ ಗುಡಿಗಳ ನಡುವೆ ಹಾಯ್ದು ಮನೆಗೆ ಹೋಗುತ್ತ, ಮುಕ್ಕಾದ ಕಲ್ಲುಗಳಿಗೆಲ್ಲ 'ವಾಸ್ ರೀ, ವೇರ್ ರೀ' ಅನ್ನುತ್ತಾರೆ. ಕತ್ತಲ ಗರ್ಭಗುಡಿಯೊಳಗಿಂದ ಅದೇ ಮಾತು ತಿರುಗಿ ಬರುತ್ತದೆ. ಶಾಲೆಗೆ ರಜೆ ಇದ್ದಾಗ ಒಳಗಿನ ಅಕ್ಕೋರು ಅಲ್ಲಿ ಹೋಗಿ ಮಲಗುತ್ತಾರೆ ಅಂತ ಬಾಯವ್ವ ಎಲ್ಲರನ್ನೂ ನಂಬಿಸಿದ್ದಾಳೆ. ಮೊನ್ನೆ ಆ ದಾರಿಯಲ್ಲಿ ಒಬ್ಬಳೇ ಬರುವಾಗ ನಾನೂ ಒಂದು ಗಳಿಗೆ ನಿಂತು ಒಳಗೆ ಇಣುಕಿದೆ.

ಉತ್ತರ ಬರೆಯಲೇಬೇಕೆಂದಿಲ್ಲ.

ತಬಸ್ಸುಮ್


ಹೂಲಿ
6 ನವೆಂಬರ್ 2007

ಸುಚೇತಾ,

ನೀನು ಉತ್ತರ ಬರೆಯಲಿಲ್ಲ. ಬರೆಯಬೇಕೆಂದಿಲ್ಲ ಅಂದವಳು ನಾನೇ. ಆದರೆ ಈಗ ಬರೆಯಲೇಬೇಕು, ನಿನ್ನ ದನಿ ನಿಂತುಹೋಗಿದೆ.

ದಸರೆಯ ರಜೆ ಮುಗಿದು ಶಾಲೆ ತೆರೆದ ದಿನ. ರಜೆಯಲ್ಲಿ ಮಕ್ಕಳು ಊರಿನ ಹಿರಿಯರಿಗೆಲ್ಲ ಬನ್ನಿ ಕೊಟ್ಟು ಕಾಲು ಮುಟ್ಟಿ ಬಂದಿದ್ದರು. ಉಳಿದವರು ಒಳಗಿನ ಅಕ್ಕೋರು ಒಬ್ಬರೇ. ಅವರಿಗಾಗಿ ಬನ್ನಿ ಎಲೆ ಇಟ್ಟುಕೊಂಡಿದ್ದರಂತೆ, ಕಂಪಾಸಿನಲ್ಲಿ, ಚಡ್ಡಿಯ ಕಿಸೆಯಲ್ಲಿ, ಜಡೆಯ ರಿಬ್ಬನ್ನಿನೊಳಗೆ. ನನಗೆ ಒಂದೂ ಗೊತ್ತಿಲ್ಲ. ನಾನು ಸಿಡಿ ಹಾಕಲೆಂದು ಗುಂಡಿ ಒತ್ತಿದೆ. ಅದರ ತಟ್ಟೆ ಮೆಲ್ಲಗೆ ಹೊರಗೆ ಬಂತು. ಸಿಡಿ ಇಟ್ಟೆ. ಅಷ್ಟರಲ್ಲಿ ಬಾಗಿಲಲ್ಲಿ ಅಡಿಗೆಯ ರಾಯವ್ವ ಅಕ್ಕಿ ತೂಗಲು ಕರೆದಳು. ಹೊರಳಿ ಎರಡು ಮಾತಾಡಿದೆ ಅಷ್ಟೇ.

"ಅಕ್ಕೋರು ಕೈ ಚಾಚ್ಯಾರ ನೋಡ್ರಲೇ!" ಅಂದಳಂತೆ ಬಾಯವ್ವ. ಎಲ್ಲರೂ ಸಾಲಾಗಿ ಎದ್ದು ಬಂದು ಆ ತಟ್ಟೆಯಲ್ಲಿ ಬನ್ನಿ ಇಟ್ಟರು. "ಬಂಗಾರದಂಗ ಇರೂಣ್ರೀ ಅಕ್ಕೋರ" ಅಂದರು. ಬಾಯವ್ವ ತಟ್ಟೆಯನ್ನು ಒಳಗೆ ತಳ್ಳಿದಳು. ಒಳಗಿನ ಅಕ್ಕೋರು ಕೈ ಹಿಂದೆ ತೆಗೆದುಕೊಂಡರು, ಅಂದರೆ ಬನ್ನಿ ತಗೊಂಡರು. ಮಕ್ಕಳು ಕೇಕೆ ಹಾಕಿದ್ದು ಕೇಳಿ ನಾನು ಹೊರಳಿ ನೋಡಿದೆ.

ಆಮೇಲೆ ಕಟಕಟ ಅಂತ ಸದ್ದಾಯಿತು. ಪರದೆಯ ಮೇಲೆ ಏನೂ ಮೂಡಲಿಲ್ಲ. ಸವದತ್ತಿಯಿಂದ ರಿಪೇರಿಯ ಸತ್ಯಪ್ಪ ಬಂದು ಬಿಚ್ಚಿದಾಗ ಒಳಗೆಲ್ಲ ಒಣ ಬನ್ನಿಯ ಪುಡಿ. ಆತ ಊದಿ ಒರೆಸಿ ಯಂತ್ರವನ್ನೇನೋ ಸರಿ ಮಾಡಿದ, ಸಿಡಿ ಮಾತ್ರ ಗೀರಿಕೊಂಡು ಹಾಳಾಗಿದೆ. ಮಕ್ಕಳಿಗೆ ನಾನು ಒಂದು ಪೆಟ್ಟು ಕೊಡಲಿಲ್ಲ, ಗದರಲೂ ಇಲ್ಲ. ಹೇಗೆ ಗದರಲಿ? ಆದರೂ ಬಾಯವ್ವನ ಮುಖ ಇಷ್ಟಾಗಿದೆ. ಬನ್ನಿ ಬಾಡಿತ್ತು, ಅದಕ್ಕೇ ಅಕ್ಕೋರಿಗೆ ಸಿಟ್ಟು ಬಂದಿದೆ ಅಂತ ಅವಳ ತಲೆಯಲ್ಲಿ ಕೂತುಬಿಟ್ಟಿದೆ. ಮಧ್ಯಾಹ್ನವಾದರೆ ಕರಿ ಪರದೆಯ ಮುಂದೆ ಹೋಗಿ ತಾನೇ ಸಣ್ಣಗೆ ಒಂದೊಂದು ಮಾತು ಹೇಳಿ, ಕಾಯುತ್ತಾಳೆ.

ಇನ್ನೊಂದು ಸಿಡಿ ಕಳಿಸು. ಬೇಗ ಕಳಿಸು.

ತಬಸ್ಸುಮ್


ಬೆಳಗಾವಿ
27 ನವೆಂಬರ್ 2007

ತಬ್ಬೂ,

ಹಿಂದಿನ ಪತ್ರಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದೆ. ಈ ಪತ್ರ ಓದಿ ಅಳು ಬಂತು, ನಗುವೂ ಬಂತು. ನಮ್ಮವರು, ಭಾರ್ಗವ, "ಬನ್ನೀ ಎಲಿಗೆ ಕೆಡೋ ಡ್ರೈವು ನಾ ಇನ್ನೂ ನೋಡಿದ್ದಿಲ್ಲ" ಅಂದರು.

ನಮ್ಮ ಕಂಪನಿ ಅಂದರೆ ದೊಡ್ಡದೇನೂ ಅಲ್ಲ. ಮನೆಯ ಮುಂದಿನ ಎರಡು ಕೋಣೆ. ಪ್ರೋಗ್ರಾಂ ಬರೆಯುವವರು ಅವರು, ದನಿ ನನ್ನದು, ಪತ್ರಕ್ಕೆ ಉತ್ತರ ಬರೆಯುವವಳೂ ನಾನೇ. ಈಗ ಆ ಸಿಡಿಯ ಹಕ್ಕನ್ನೇ ಪುಣೆಯ ಒಬ್ಬರು ಕೊಂಡಿದ್ದಾರೆ. ನನ್ನ ಇಂಗ್ಲಿಷಿನಲ್ಲಿ ಊರಿನ ವಾಸನೆ ಇದೆಯಂತೆ. ಬೇರೆ ಒಬ್ಬರಿಂದ ಓದಿಸಿ ಹೊಸದು ಮಾಡಿದ್ದಾರೆ. ಹಳೆಯ ಸಿಡಿಗಳನ್ನೆಲ್ಲ, ನನ್ನ ದನಿಯ ಮೂಲ ಪ್ರತಿಯನ್ನೂ ಒಯ್ದರು. ಹೊಸದನ್ನು ನಿನಗೆ ಕಳಿಸುತ್ತೇನೆ, ನನ್ನ ಹತ್ತಿರ ಕೊಡಲು ಅದೊಂದೇ ಇದೆ.

ಎದುರಿಗೆ ಯಾರನ್ನೋ ಕೂರಿಸಿಕೊಂಡು ಹೇಳಿದಂತಿದೆ ಅಂದಿದ್ದೆಯಲ್ಲ. ನಿನ್ನನ್ನೇ ಕಣೇ. ಖಾಲಿ ಕೋಣೆಯಲ್ಲಿ ಮಾತಾಡಿದರೆ ದನಿ ಗುಂಯ್ ಅನ್ನುತ್ತದೆ. ಗೋಡೆಗೆ ದಪ್ಪ ಬಟ್ಟೆ ಹಾಕಬೇಕು. ಮನೆಯಲ್ಲಿ ಅಷ್ಟು ದಪ್ಪನೆಯದು ಒಂದೇ ಇತ್ತು, ನನ್ನ ಮದುವೆಗೆ ನೀನು ಕಳಿಸಿದ ಕೌದಿ. ನಿಮ್ಮಮ್ಮ, ರಹೀಮಬಿ ಚಾಚಿ, ಅದನ್ನು ಕಲ್ಯಾಣ ಮಂಟಪಕ್ಕೆ ತಂದು, "ತಬ್ಬೂನ ಕಳಸ್ಯಾಳವಾ. ಜ್ವರ ಬಂದು ಮಲಗ್ಯಾಳ, ಇಲ್ಲಂದ್ರ ಬರದ ಇರತಿದ್ದಿಲ್ಲ" ಅಂದು ನನ್ನ ಮಡಿಲಲ್ಲಿ ಇಟ್ಟರು. ಅದರ ನಡುವೆ ನಿನ್ನ ನೀಲಿ ಲಂಗದ ತುಂಡಿದೆ. ಅದರ ಮೇಲಿನ ಮಸಿಯ ಕಲೆ ನಾನು ಏಳನೇ ಇಯತ್ತೆಯಲ್ಲಿ ಚೆಲ್ಲಿದ್ದು. ಗೋಡೆಗೆ ಕೌದಿ ಹಾಕಿ, ಆ ಕಲೆ ನನ್ನ ಕಣ್ಣಿಗೆ ನೇರವಾಗಿ ಬರುವಂತೆ ಕೂತು, ಒಂದೊಂದು ಮಾತನ್ನೂ ನಿನಗೆ ಹೇಳಿದೆ. ವೇರ್. ಕಮ್. ನೀನು ಉತ್ತರ ಕೊಡಲಿ ಅಂತ ಕಾದೆ. ಆ ಕಾಯುವ ಹೊತ್ತೇ ಸಿಡಿಯಲ್ಲಿ ಖಾಲಿ ಬಿಟ್ಟ ಜಾಗ.

ಹೇಳದೆ ಹೋದೆ, ನಿಜ. ನಿನ್ನ ಮುಂದೆ ನಿಂತರೆ ಮದುವೆಯ ಮಾತು ಬಾಯಿಗೆ ಬರುತ್ತಿರಲಿಲ್ಲ. ಆದರೆ ಕೌದಿ ಬಂದಾಗ ನೀನು ಬಿಟ್ಟುಕೊಟ್ಟೆ ಅಂದುಕೊಂಡೆ. ಅದೇ ಧೈರ್ಯದಿಂದ ಆ ದಸರೆಗೆ ತವರಿಗೆ ಬಂದವಳು ನಿಮ್ಮ ಬಾಗಿಲಿಗೆ ಬನ್ನಿ ಹಿಡಿದು ಬಂದೆ. ನೀನು ಕೈ ಹಿಂದೆ ಕಟ್ಟಿಕೊಂಡು, "ಕೈ ಹಿಟ್ಟಾಗೈತಿ" ಅಂದೆ. ಒಲೆ ಹೊತ್ತಿರಲಿಲ್ಲ ತಬ್ಬೂ, ನಿಮ್ಮ ಅಡಿಗೆಮನೆ ಹೊಸ್ತಿಲಿಂದಲೇ ಕಾಣುತ್ತದೆ. ಹಗೆಗಳೂ ಬನ್ನಿ ಒಲ್ಲೆ ಅನ್ನುವುದಿಲ್ಲ. ಕೌದಿ ಕಳಿಸಿದವಳು ಬನ್ನಿ ಯಾಕೆ ಒಲ್ಲೆ ಅಂದಳು ಅಂತ ಇಷ್ಟು ವರ್ಷ ನನಗೆ ತಿಳಿದಿಲ್ಲ. ಅದೊಂದನ್ನು ಹೇಳು.

ನಿನ್ನ,
ಸುಚ್ಚಿ


ಹೂಲಿ
14 ಜನವರಿ 2008

ಸುಚ್ಚಿ,

ಹೊಸ ಸಿಡಿ ಬಂತು. ಅದರ ಮಾತು ಆಮೇಲೆ.

ನಿನ್ನ ಪತ್ರವನ್ನು ತಿಂಗಳಿಗಿಂತ ಹೆಚ್ಚು ಬ್ಯಾಗಿನಲ್ಲಿ ಹೊತ್ತು ತಿರುಗಿದೆ. ಸವದತ್ತಿಯಿಂದ ಹೂಲಿಗೆ ಬರುವ ಟೆಂಪೊದಲ್ಲಿ ಕಣ್ಣು ಮುಚ್ಚಿದರೆ ಗೋಡೆಗೆ ತೂಗಿದ ಕೌದಿ ಕಾಣುತ್ತದೆ, ಅದರ ಮುಂದೆ ನೀನು ಕೂತಿರುತ್ತೀಯ, ನಾನು ಕೌದಿಯ ಆಚೆಯಿಂದ ಎಷ್ಟು ಕೂಗಿದರೂ ನಿನಗೆ ಕೇಳಿಸುವುದಿಲ್ಲ. ಕಂಡಕ್ಟರ್ ಹೂಲಿ ಹೂಲಿ ಅಂದಾಗ ಎಚ್ಚರಾಗುತ್ತದೆ.

ಆ ಕೌದಿ ನಾನು ಕಳಿಸಿದ್ದಲ್ಲ.

ನನಗೆ ಜ್ವರವೂ ಬಂದಿರಲಿಲ್ಲ. ನಿನ್ನ ಮದುವೆಯ ದಿನ ಶೆಡ್ಡಿನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ. ಅಮ್ಮ ಸಂತೆಗೆ ಹೋಗಿ ಬರತೇನಿ ಅಂದು ಹೋಗಿದ್ದಳು. ಟ್ರಂಕಿನಲ್ಲಿದ್ದ ನನ್ನ ನೀಲಿ ಲಂಗ ಎಲ್ಲಿ ಹೋಯಿತು ಅಂತ ಆಮೇಲೆ ಹುಡುಕಿದ್ದು ನೆನಪಿದೆ. ನಿನ್ನ ಪತ್ರ ಬಂದ ದಿನ ಅಮ್ಮನ ಮುಂದೆ ಓದಿ ಹೇಳಿ, ಇದೇನು ಅಂತ ಕೇಳಿದೆ. ಸೂಜಿಯಿಂದ ಕಣ್ಣು ಎತ್ತಲಿಲ್ಲ ಆಕೆ. "ಹೌದು, ನಾನ ಕೊಟ್ಟು ಬಂದೆ, ನಿನ್ನ ಹೆಸರಲೆ. ನಿನ್ನ ಸಿಟ್ಟು ಇಳಿಯೂತನಕ ಆ ಹುಡುಗಿ ಬರೇ ಗ್ವಾಡಿ ನೋಡಕೋತ ಕುಂಡ್ರಬೇಕಾಗಿತ್ತೇನು?" ಅಂದಳು. ಮತ್ತೆ ನನಗ್ಯಾಕೆ ಹೇಳಲಿಲ್ಲ ಅಂದರೆ, "ಹೇಳಿದ್ರ ನೀ ಹೋಗಿ ಕಸಗೊಂಡು ಬರತಿದ್ದಿ" ಅಂದಳು. ಬರುತ್ತಿದ್ದೆನೋ ಏನೋ.

ಬನ್ನಿ ಹಿಡಿದು ಬಂದಾಗ ನಿನ್ನ ಮುಖದಲ್ಲಿ ಅಂಜಿಕೆಯೇ ಇರಲಿಲ್ಲ, ಏನೂ ಆಗೇ ಇಲ್ಲವೆಂಬಂತೆ ನಗುತ್ತಿದ್ದೆ. ಅದನ್ನು ಕಂಡೇ ನನಗೆ ಇನ್ನಷ್ಟು ಉರಿಯಿತು. ಆ ನಗು ಕೌದಿಯದು ಅಂತ ನನಗೆ ಹೇಗೆ ಗೊತ್ತಾಗಬೇಕು?

ನೀನು ಕೇಳಿದ್ದಕ್ಕೆ ಇದೇ ಉತ್ತರ. ಕೌದಿಯ ವಿಷಯ ಹಾಗೇ ಬಿಟ್ಟಿದ್ದರೆ ನಡೆಯುತ್ತಿತ್ತು, ನಿನಗೆ ಸಮಾಧಾನವೂ ಇರುತ್ತಿತ್ತು. ಆದರೆ ನೀನು ಅಷ್ಟೊಂದು ಮಾತು ಹೇಳಿ ಕಾದೆಯಲ್ಲ, ಆ ಕೋಣೆಯಲ್ಲಿ ನಾನು ಇರಲಿಲ್ಲ ಸುಚ್ಚಿ. ಇದ್ದೆ ಅಂತ ಹೇಳಲು ನನ್ನಿಂದ ಆಗುವುದಿಲ್ಲ.

ತಬ್ಬೂ


ಬೆಳಗಾವಿ
9 ಫೆಬ್ರವರಿ 2008

ತಬಸ್ಸುಮ್,

ನಿಜ ಹೇಳಿದ್ದಕ್ಕೆ ಸಿಟ್ಟು ಮಾಡಿಕೊಳ್ಳಬಾರದು. ಆದರೂ ನೀನು ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು ಅಂತ ಅನ್ನಿಸುತ್ತಿದೆ. ಸಣ್ಣ ಮಾತಲ್ಲವೇ ಅದು, ನಿನಗೇನು ಭಾರವಾಗುತ್ತಿತ್ತು?

ಕೌದಿಯನ್ನು ಗೋಡೆಯಿಂದ ಇಳಿಸಿ ಮಡಚಿ ಇಟ್ಟಿದ್ದೇನೆ. ಈಗ ಆ ಕೋಣೆಯಲ್ಲಿ ಕೆಮ್ಮಿದರೂ ದನಿ ತಿರುಗಿ ಬರುತ್ತದೆ. ಸ್ವಲ್ಪ ದಿನ ನನಗೆ ಬರೆಯಬೇಡ.

ಸುಚೇತಾ


ಹೂಲಿ
20 ಜೂನ್ 2008

ಸುಚ್ಚಿ,

ಸ್ವಲ್ಪ ದಿನ ಅಂದಿದ್ದೆ. ಬೇಸಿಗೆ ಕಳೆದು ಮಳೆ ಬಂದಿದೆ, ಮನೋಳಿಯ ಹೊಳೆ ಕೆಂಪಾಗಿದೆ. ಇಷ್ಟು ಸಾಕಲ್ಲ?

ಹೊಸ ಸಿಡಿಯ ಮಾತು ಹೇಳುತ್ತೇನೆ ಅಂದಿದ್ದೆ. ಆ ಹೆಣ್ಣುಮಗಳ ಇಂಗ್ಲಿಷು ಬಹಳ ಚೊಕ್ಕ. ಮಕ್ಕಳು ಆಕೆಗೂ ಮರ್ಯಾದೆ ಕೊಡುತ್ತಾರೆ, ಹೇಳಿದ್ದನ್ನು ಹೇಳುತ್ತಾರೆ, ಕಲಿತೂ ಕಲಿತಿದ್ದಾರೆ. ಆದರೆ 'ರೀ' ಹಚ್ಚುವುದಿಲ್ಲ. ಯಾಕೆಂದು ಕೇಳಿದೆ. "ಇವ್ರು ನಮ್ಮನ್ನ ನೋಡಂಗಿಲ್ರಿ" ಅಂದ ಒಬ್ಬ.

ಬಾಯವ್ವ ಈಗ ಎರಡನೇ ಇಯತ್ತೆ. ಮುಂದಿನ ಎರಡು ಹಲ್ಲು ಬಿದ್ದಿವೆ. ನಿನ್ನೆ ಎಲ್ಲರೂ ಹೊರಗೆ ಹೋದ ಮೇಲೆ ನನ್ನ ಸೆರಗು ಹಿಡಿದು ನಿಂತಳು. "ಅಕ್ಕೋರ, ಒಳಗಿನ ಅಕ್ಕೋರು ನಮ್ಮ ಬನ್ನಿ ಒಲ್ಲೆ ಅಂದ್ರೇನ್ರಿ?" ಇಷ್ಟು ದಿನ ಅದನ್ನೇ ಹೊತ್ತು ತಿರುಗುತ್ತಿದೆ ಆ ಜೀವ. ನನಗೆ ನೀನು ನಮ್ಮ ಹೊಸ್ತಿಲಲ್ಲಿ ನಿಂತದ್ದು ಕಣ್ಣ ಮುಂದೆ ಬಂತು. ನಿನಗೂ ಹೀಗೇ ಆಗಿತ್ತೇ? ನೀನೂ ಬೆಳಗಾವಿಯಲ್ಲಿ ಕೂತು ಇದನ್ನೇ ಕೇಳಿಕೊಂಡೆಯಾ, ಇಷ್ಟು ವರ್ಷ?

"ಒಲ್ಲೆ ಅಂದಿಲ್ಲವಾ. ಬರೂ ದಸರಾಕ್ಕ ಬಂದು ತಗೋತಾರ" ಅಂದುಬಿಟ್ಟೆ. ನಿನ್ನನ್ನು ಕೇಳದೆ ಹೇಳಿದೆ. ಈ ಸಲ ಬನ್ನಿಗೆ ಹೂಲಿಗೆ ಬಾ. ಆ ಹುಡುಗಿಗಾಗಿ ಬಾ, ನನಗಾಗಿ ಅಲ್ಲ ಅಂತ ಬರೆಯಬೇಕು ಅಂದುಕೊಂಡಿದ್ದೆ. ಪೆನ್ನು ನಿಂತಿತು. ನನಗಾಗಿಯೂ ಬಾ.

ತಬ್ಬೂ


ಬೆಳಗಾವಿ
15 ಅಕ್ಟೋಬರ್ 2008

ತಬ್ಬೂ,

ಬನ್ನಿಯ ದಿನ ಹೂಲಿಯಲ್ಲಿ ಮಕ್ಕಳ ಮುಂದೆ ನನ್ನನ್ನು ನಿಲ್ಲಿಸಿ, "ಕೋಣಿ ಕೀಲಿ ತರತೇನಿ" ಅಂತ ಓಡಿಹೋದೆಯಲ್ಲ. ಕೀಲಿ ನಿನ್ನ ಕೈಯಲ್ಲೇ ಇತ್ತು. ನೀನು ಬೇವಿನ ಗಿಡದ ಹಿಂದೆ ನಿಂತು ಕಣ್ಣು ಒರೆಸಿಕೊಂಡದ್ದೂ ಕಂಡಿತು. ನೀನು ಇಲ್ಲದಾಗ ಆದದ್ದನ್ನು ನಾನೇ ಬರೆಯಬೇಕು.

ಮಕ್ಕಳು ನನ್ನನ್ನು ನಂಬಲಿಲ್ಲ. ಒಳಗಿನ ಅಕ್ಕೋರು ಕನ್ನಡಕ ಹಾಕಿಕೊಂಡ ಗಿಡ್ಡ ಹೆಂಗಸಾಗಿರುತ್ತಾರೆ ಅಂತ ಅವರು ಎಣಿಸಿರಲಿಲ್ಲ. ಹೊಸ ಬಟ್ಟೆ ಹಾಕಿಕೊಂಡು, ಕೈಯಲ್ಲಿ ಬನ್ನಿ ಹಿಡಿದು, ಗುಡಿಯ ಕಟ್ಟೆಯ ಹತ್ತಿರ ಸುಮ್ಮನೆ ನಿಂತಿದ್ದರು. ನನಗೂ ಏನು ಮಾಡಬೇಕೋ ತಿಳಿಯಲಿಲ್ಲ. ಬೈಲಹೊಂಗಲ ದಾಟಿದಾಗಿನಿಂದ ನಾನು ಅರ್ಧ ಕನಸಿನಲ್ಲೇ ಇದ್ದೆ. ರಸ್ತೆಯ ಎರಡೂ ಕಡೆ ಸೂರ್ಯಕಾಂತಿ, ದೂರದಲ್ಲಿ ಯಲ್ಲಮ್ಮನ ಗುಡ್ಡ, ಹತ್ತು ವರ್ಷದ ಹಿಂದಿನ ಬಿಸಿಲು. ಕೊನೆಗೆ ಹಳೆಯ ಗುಡಿಯ ನೆರಳಿನಲ್ಲಿ ಕೂತು, ಕಣ್ಣು ಮುಚ್ಚಿ, ಉಸಿರೆಳೆದುಕೊಂಡು, "ಕಮ್" ಅಂದೆ.

ಆಮೇಲೆ ಎಲ್ಲರೂ ಒಟ್ಟಿಗೆ "ಕಮ್ ರೀ!" ಅಂದರು. ಗುಡಿಯೊಳಗಿಂದಲೂ ಅಂದ ಹಾಗಾಯಿತು. ಬಾಯವ್ವ ಬಂದು ನನ್ನ ಎರಡೂ ಕೈ ತಿರುಗಿಸಿ ನೋಡಿದಳು. "ಈ ಸಲ ಹಸೇದ ಐತ್ರಿ, ಈಗ ಹರಕೊಂಡು ಬಂದೇನಿ" ಅಂದು ಬನ್ನಿ ಇಟ್ಟಳು. ಹಳೆಯ ಬನ್ನಿಯೂ ನನಗೆ ಮುಟ್ಟಿತ್ತವ್ವಾ ಅಂತ ಹೇಳಿದೆ. ಆ ಹಲ್ಲಿಲ್ಲದ ನಗೆಯನ್ನು ನೀನು ನೋಡಬೇಕಾಗಿತ್ತು.

ಸಂಜೆ ಸವದತ್ತಿಯ ನಿಮ್ಮ ಮನೆಯಲ್ಲಿ ನಿಮ್ಮಪ್ಪ, ಹಜರತಸಾಬ ಚಾಚಾ, ಬನ್ನಿ ಕೊಟ್ಟರು, ಚಾಚಿ ಕೊಟ್ಟು ತಲೆ ಸವರಿದರು. ನೀನು ಮಾತ್ರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಒಮ್ಮೆ ಚಾಚಿದ ಕೈಯನ್ನು ಮತ್ತೆ ನಿನ್ನ ಮುಂದೆ ಚಾಚಲು ಆಗಲಿಲ್ಲ. ಬಸ್ಸು ಹೊರಟಾಗ ನೀನು ಕಿಟಕಿಯ ಕೆಳಗೆ ನಿಂತು ಏನೋ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಡ್ರೈವರ್ ಹಾರ್ನು ಒತ್ತಿದ. ನಿನಗೆಂದು ತಂದ ಎಲೆ ಬೆಳಗಾವಿಯವರೆಗೂ ನನ್ನ ಮುಷ್ಟಿಯಲ್ಲೇ ಇತ್ತು.

ಕೌದಿಯ ಅಂಚು ಹರಿದಿತ್ತು, ಚಾಚಿಯ ಹತ್ತಿರ ಬಿಟ್ಟು ಬಂದಿದ್ದೇನೆ. ಬೇಗ ಕಳಿಸಲು ಹೇಳು. ಆ ಮಾತುಗಳನ್ನೆಲ್ಲ ಮತ್ತೊಮ್ಮೆ ಓದಿ ನಿನ್ನ ಮಕ್ಕಳಿಗೆ ಕೊಡುತ್ತೇನೆ ಅಂತ ಬಾಯವ್ವನಿಗೆ ಮಾತು ಕೊಟ್ಟಿದ್ದೇನೆ. ನಮ್ಮವರು ಹೊಸದಾಗಿ ಪ್ರೋಗ್ರಾಂ ಬರೆಯಲು ಕೂತಿದ್ದಾರೆ. 'ದಿ', 'ಆಫ್' ಎಲ್ಲ ಪುಣೆಯವರ ಸ್ವತ್ತೇನಲ್ಲ. ಆದರೆ ಕೌದಿಯ ಮುಂದೆ ಕೂತರೆ ಈಗ ಯಾರಿಗೆ ಹೇಳಲಿ ಅನ್ನುವುದೇ ನನಗೆ ತಿಳಿಯದಾಗಿದೆ.

ಸುಚ್ಚಿ


ಸವದತ್ತಿ
11 ನವೆಂಬರ್ 2008

ಸುಚ್ಚಿ,

ಬೆಳಗಾವಿಗೆ ಬಾಡಿಗೆ ಸಿಕ್ಕಿದೆ ಅಂತ ಅಬ್ಬಾ ಮೆಟಾಡೋರ್ ತೆಗೆದುಕೊಂಡು ಹೊರಟಿದ್ದಾರೆ. ಅವರ ಕೈಯಲ್ಲಿ ಕೌದಿ ಕಳಿಸುತ್ತಿದ್ದೇನೆ.

ಅಂಚನ್ನು ಅಮ್ಮ ಹೊಲಿದಿದ್ದಾಳೆ. ಅದರಲ್ಲಿ ತಪ್ಪು ಹುಡುಕಬೇಡ, ಸಿಗುವುದಿಲ್ಲ. ನೀಲಿ ಲಂಗದ ತುಂಡಿನ ಪಕ್ಕದಲ್ಲಿ ಹಳದಿಯದೊಂದು ಹೊಸ ತುಂಡು ಕಾಣುತ್ತದೆ. ಅದು ನಮ್ಮ ಬಾಲವಾಡಿಯ ಪರದೆ. ಒಬ್ಬಳೇ ಕಟ್ಟಬೇಡ ಅಂದಿದ್ದೆಯಲ್ಲ, ಕಟ್ಟಲಿಲ್ಲ. ಟ್ರಂಕಿನಲ್ಲಿ ಹಾಗೇ ಇತ್ತು.

ಆ ತುಂಡನ್ನು ಹಚ್ಚಿದವಳು ನಾನು. ಮೂರು ಸಲ ಬೆರಳಿಗೆ ಚುಚ್ಚಿಕೊಂಡೆ. ಅಮ್ಮ ನೋಡಿ, "ಇದನ್ನ ಬೆಳಗಾಂವಿಗೆ ಕಳಸ್ತೀಯೇನ, ನನ್ನ ಮಾನ ಹೋಗತೈತಿ" ಅಂದಳು. ಬಿಚ್ಚಲು ಬಂದಳು, ಬಿಡಲಿಲ್ಲ. ಅದರೊಳಗೆ ಬನ್ನಿ ಎಲೆ ಇಟ್ಟು ಹೊಲಿದಿದ್ದೇನೆ. ಬಸ್‌ಸ್ಟ್ಯಾಂಡಿನಲ್ಲಿ ನಾನೂ ಸೆರಗಿನಲ್ಲಿ ಹಿಡಿದುಕೊಂಡೇ ನಿಂತಿದ್ದೆ, ಕೊಡಲು ಧೈರ್ಯ ಬರಲಿಲ್ಲ. ನೀನು ಕೌದಿ ಒಗೆದರೆ ಅದು ಪುಡಿಯಾಗುತ್ತದೆ. ಆಗಲಿ, ಒಳಗೇ ಇರುತ್ತದೆ.

ಗೋಡೆಗೆ ಹಾಕುವಾಗ ಹಳದಿ ತುಂಡು ಕಣ್ಣಿಗೆ ನೇರವಾಗಿ ಬರುವಂತೆ ಹಾಕು. ಒಂದೊಂದು ಮಾತು ಹೇಳಿ ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರು, ಮೊದಲಿನ ಹಾಗೆ. ನಾನು ಉತ್ತರ ಕೊಡುತ್ತೇನೆ. ಈ ಸಲ ಇದನ್ನು ಕಳಿಸಿದವಳು ನಾನೇ.

ನಿನ್ನ,
ತಬ್ಬೂ